ಬೆಲ್ಲಿಯ ಮಾತ್ರೆ, ಸೋಮಮ್ಮನ ಕೈ

ಕೆಸರೆಯ ಆ ಬೀದಿಯಲ್ಲಿ ಸೋಮಮ್ಮನ ಕೈಯೂಟ ಉಣ್ಣದವರು ಕಡಿಮೆ. ಸರ್ಕಾರಿ ಶಾಲೆಯಲ್ಲಿ ವರ್ಷಗಟ್ಟಲೆ ಬಿಸಿಯೂಟ ಬೇಯಿಸಿದವಳು ಆಕೆ. ಅಂದು ತಟ್ಟೆ ಹಿಡಿದು ಸಾಲಿನಲ್ಲಿ ಕೂತಿದ್ದ ಹುಡುಗರು ಈಗ ಮೀಸೆ ಬಿಟ್ಟುಕೊಂಡು ಎದುರಿಗೆ ಸಿಗುತ್ತಾರೆ. "ಏನ್ ಸೋಮಕ್ಕಾ, ಇವತ್ತೇನ್ ಸಾರು?" ಎಂದು ರೇಗಿಸುತ್ತಾರೆ.

"ನಿಂಗ್ಯಾಕಲಾ? ತಟ್ಟೇಲಿ ಸೊಪ್ಪೆಲ್ಲಾ ಬುಟ್ಟು ಎದ್ದೋಯ್ತಿದ್ದೋನು ನೀನೇ ಅಲ್ವಾ?" ಎಂದು ಅವಳೂ ಬಿಡುವುದಿಲ್ಲ. ತನ್ನ ಕೈಯಲ್ಲಿ ತಿಂದವರು ಯಾರೂ ಹೊಟ್ಟೆ ಹಿಡಿದುಕೊಂಡು ಕೂರಲಿಲ್ಲ ಎನ್ನುವುದೊಂದೇ ಅವಳ ಜಂಭ.

ಕೆಲಸ ಬಿಟ್ಟ ಮೇಲೆ ಅವಳ ಕೈಗೆ ಉಳಿದದ್ದು ನಾಲ್ಕೇ ಬಾಯಿ. ಆಟೊ ಓಡಿಸುವ ಮಗ ವಸಂತ್, ಬಟ್ಟೆಯಂಗಡಿಗೆ ಹೋಗುವ ಸೊಸೆ ನಯನಾ, ಇನ್ನೂ ತೊದಲು ಬಿಡದ ಮೊಮ್ಮಗಳು ಪ್ರೀತಿ, ಆಮೇಲೆ ಬೆಲ್ಲಿ. ಬೆಲ್ಲಿ ಬೀದಿಯಿಂದ ಬಂದು ಒಳಗೇ ಉಳಿದುಬಿಟ್ಟ ನಾಯಿ, ಥೇಟ್ ಅಚ್ಚುಬೆಲ್ಲದ ಬಣ್ಣ. ಭಾನುವಾರ ಕೋಳಿಸಾರು ಆದರೆ ಮೊದಲ ತುತ್ತು ಅದಕ್ಕೇ.

ಈ ಸಲ ಮಳೆ ಹಿಡಿದುಕೊಂಡಾಗ ಬೆಲ್ಲಿಗೆ ಕೆರೆತ ಶುರುವಾಯಿತು. ಕಿವಿ ಕೆಂಪಾದವು. ಹೊಟ್ಟೆಯ ಕೆಳಗೆ ಕೂದಲು ಉದುರಿ ಗುಳ್ಳೆ ಎದ್ದವು. ಸದಾ ಪಾದ ನೆಕ್ಕುತ್ತಾ ಕೂರುತ್ತಿತ್ತು. ಸೋಮಮ್ಮ ಬೇವು ಅರೆದು ಹಚ್ಚಿದಳು. ನೆಕ್ಕಿ ವಾಂತಿ ಮಾಡಿಕೊಂಡಿತು. ಕೊನೆಗೆ ಬನ್ನಿಮಂಟಪದ ಹತ್ತಿರದ ಪಶುವೈದ್ಯೆ ರಮಾಮಣಿಯವರ ಬಳಿ ಎಲ್ಲರೂ ಆಟೊದಲ್ಲಿ ಹೋದರು.

"ಕೋಳಿ ಇದಕ್ಕೆ ಆಗ್ತಾ ಇಲ್ಲ ಅನ್ಸುತ್ತೆ. ಎರಡು ತಿಂಗಳು ಕೋಳಿ, ಮೊಟ್ಟೆ, ಹಾಲು, ಬಿಸ್ಕತ್ತು ಯಾವುದೂ ಬೇಡ, ನೋಡೋಣ" ಎಂದರು ಡಾಕ್ಟರು.

"ನಾಟಿ ಕೋಳೀನೂವಾ?" ಸೋಮಮ್ಮನಿಗೆ ನಂಬಲಾಗಲಿಲ್ಲ.

"ನಾಟೀನೂ ಬೇಡ ಕಣಮ್ಮ. ರಾಗಿ, ಕುಂಬಳಕಾಯಿ, ಮುಳ್ಳು ತೆಗೆದ ಮೀನು ಕೊಡಿ. ಈರುಳ್ಳಿ, ಬೆಳ್ಳುಳ್ಳಿ ಸೋಕಿಸ್ಬೇಡಿ. ಈ ಮಾತ್ರೆ ದಿನಕ್ಕೆ ಒಂದೇ, ಬೆಳಗ್ಗೆ, ಹೊಟ್ಟೆಗೆ ಏನಾದ್ರೂ ಬಿದ್ಮೇಲೆ. ನಾನು ಹೇಳ್ದಂಗೆ ನಿಧಾನಕ್ಕೆ ಕಮ್ಮಿ ಮಾಡ್ಬೇಕು, ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಂಗಿಲ್ಲ. ನಿಮ್ಮನೇಲಿರೋ ಮನುಷ್ಯರ ಮಾತ್ರೆ ಮಾತ್ರ ಯಾವತ್ತೂ ಕೊಡ್ಬೇಡಿ."

ಆದರೆ ಬೆಲ್ಲಿ ಮಾತ್ರೆ ನುಂಗಬೇಕಲ್ಲ? ಮೀನಿನೊಳಗೆ ಇಟ್ಟರೆ ಮೀನು ತಿಂದು, ಮಾತ್ರೆಯನ್ನು ನೆಲದ ಮೇಲೆ ನೀಟಾಗಿ ಉಗುಳಿತು. ವಸಂತ್ ಬಾಯಿ ಬಿಡಿಸಲು ಹೋಗಿ ಬೆರಳು ಕಚ್ಚಿಸಿಕೊಂಡ. ಸೋಮಮ್ಮ ನಗುತ್ತಾ ಬಿಸಿ ಮುದ್ದೆಯಿಂದ ನೆಲ್ಲಿಕಾಯಿ ಗಾತ್ರ ಮುರಿದು, ಆರಿಸಿ, ನಡುವೆ ಮಾತ್ರೆ ಹುದುಗಿಸಿ ಉರುಟು ಮಾಡಿದಳು.

"ಮುದ್ದೆ ಅಗೀಬಾರ್ದು ಮಗಾ, ನುಂಗ್ಬೇಕು" ಎಂದು ಪ್ರೀತಿಗೆ ಹೇಳುವಂತೆಯೇ ಹೇಳಿ ಬಾಯಿಗಿಟ್ಟಳು. ಬೆಲ್ಲಿ ಗುಳುಕ್ಕನೆ ನುಂಗಿ ಇನ್ನೊಂದಕ್ಕೆ ಬಾಲ ಅಲ್ಲಾಡಿಸಿತು. ಅಂದಿನಿಂದ ಮಾತ್ರೆಯ ಕೆಲಸ ಅವಳದಾಯಿತು. ಮಾತ್ರೆಪಟ್ಟಿ ಪ್ರೀತಿಯ ಕೈಗೆಟುಕದ ಅಟ್ಟದ ಡಬ್ಬಿ ಸೇರಿತು.

ಮರುದಿನವೋ ಅದರ ಮರುದಿನವೋ ವಸಂತ್ ಕೇಳಿದ: "ಅವ್ವಾ, ಬೆಲ್ಲಿಗೆ ಮಾತ್ರೆ ಕೊಟ್ಯಾ?"

ಸೋಮಮ್ಮ ಒಂದು ಗಳಿಗೆ ಯೋಚಿಸಿ, "ಹೂಂ, ಕೊಟ್ಟೆ" ಎಂದಳು. ಕೊಟ್ಟಿದ್ದಂತೂ ನಿಜ. ಆದರೆ ಹಿಂದಿನ ವಾರವಷ್ಟೇ ಅವಳು ಒಲೆಯ ಮೇಲೆ ಹಾಲಿಟ್ಟು ಮರೆತು ಪಾತ್ರೆ ಸೀದುಹೋಗಿತ್ತು. ಮಗ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ್ದನ್ನು ಅವಳು ಗಮನಿಸಲಿಲ್ಲ.

ಕೆರೆತ ಬೇಗ ಇಳಿಯಿತು. ಅದರ ಜೊತೆಗೇ ಇನ್ನೊಂದು ಪೀಕಲಾಟ ಶುರುವಾಯಿತು. ಬೆಲ್ಲಿ ಬೋಗುಣಿ ಬೋಗುಣಿ ನೀರು ಕುಡಿಯತೊಡಗಿತು. ನಡುಮನೆಯಲ್ಲೇ ಉಚ್ಚೆ ಹೊಯ್ದುಕೊಂಡು ಮೂಲೆಯಲ್ಲಿ ತಲೆತಗ್ಗಿಸಿ ನಿಲ್ಲುತ್ತಿತ್ತು. ಸುಮ್ಮನೆ ಕೂತಿದ್ದರೂ ಏದುಸಿರು. ಎಷ್ಟು ಉಣ್ಣಿಸಿದರೂ ಹಸಿವು. ನಯನಾ ನೆಲ ಒರೆಸಿ ಒರೆಸಿ ಸಾಕಾದಳು. ಮಾತ್ರೆಪಟ್ಟಿಯ ಮೇಲೆ ಏನು ಬರೆದಿದೆಯೋ ನೋಡೋಣವೆಂದು ಡಬ್ಬಿ ತೆಗೆದರೆ ಪಟ್ಟಿ ಆಗಲೇ ಖಾಲಿಯಾಗುವುದರಲ್ಲಿತ್ತು.

"ಅತ್ತೆ, ದಿನಕ್ಕೆ ಎಷ್ಟು ಕೊಡ್ತಿದ್ರಿ?"

"ಒಂದೇ ಕಣಮ್ಮ! ಎಂಗೆ ಜಾಸ್ತಿ ಕೊಡ್ಲಿ?"

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ವಸಂತ್ ಕತ್ತು ಕೆರೆದುಕೊಂಡ. "ನಾನೂ ಒಂದು ಕೊಡ್ತಿದ್ದೆ... ಬೆಳಗ್ಗೆ ಹೋಗೋವಾಗ, ಬಾಳೆಹಣ್ಣಲ್ಲಿ. ಅವ್ವ ಮರ್ತಿರ್ತಾಳೆ ಅನ್ಕಂಡೆ."

ನಯನಾ ಮಾತ್ರೆಪಟ್ಟಿಯನ್ನೇ ನೋಡುತ್ತಾ ನಿಂತಳು. ಆಮೇಲೆ ಮೆಲ್ಲಗೆ, "ನಾನೂನೂ. ಕುಂಬಳಕಾಯಲ್ಲಿ. ಕೇಳಿದ್ರೆ ಅತ್ತೆ ಬೇಜಾರ್ ಮಾಡ್ಕೋತಾರೆ ಅಂತ ಕೇಳ್ಲಿಲ್ಲ" ಎಂದಳು.

ಬೆಲ್ಲಿಯಂತೂ ಕೊಟ್ಟವರ ಕೈಯಲ್ಲೆಲ್ಲ ಆಗಲೇ ಉಂಡದ್ದನ್ನು ಮರೆಮಾಚಿ ಅದೇ ಹಸಿದ ಕಣ್ಣು ಬಿಟ್ಟು ಉಂಡಿತ್ತು.

ಸೋಮಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೆರಗಿನಿಂದ ಕೈ ಒರೆಸಿಕೊಂಡು ಬೆಲ್ಲಿಯ ಪಕ್ಕ ಕೂತಳು. ತನ್ನನ್ನು ನಂಬದೆ ಇಬ್ಬರೂ ಕದ್ದು ಕೊಟ್ಟರು. ಕೇಳಿದರೆ ನೊಂದುಕೊಂಡಾಳು ಎಂದೇ ಮುಚ್ಚಿಟ್ಟರು. ಇವತ್ತು ನಾಯಿ. ನಾಳೆ ಮಗುವಿಗೂ ನಿನ್ನ ಕೈಯಲ್ಲಿ ಉಣ್ಣಿಸಬೇಡ ಎಂದರೆ? ಅಷ್ಟು ಮಕ್ಕಳಿಗೆ ಬಡಿಸಿದ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ನಯನಾ ಆಗಲೇ ಡಾಕ್ಟರಿಗೆ ಫೋನ್ ಮಾಡಿದ್ದಳು. ತಡಮಾಡದೆ ಕರೆತನ್ನಿ ಎಂದರು. ಎಲ್ಲರೂ ಆಟೊ ಹತ್ತಿದರು. ದಾರಿಯುದ್ದಕ್ಕೂ ಪ್ರೀತಿ "ಬೆಲ್ಲಿ ಉಚ್ಚೆ, ಬೆಲ್ಲಿ ಉಚ್ಚೆ" ಎಂದು ಹಾಡುತ್ತಿದ್ದಳು.

ರಮಾಮಣಿ ಹೊಟ್ಟೆ ಒತ್ತಿ, ಒಸಡು ನೋಡಿ, ರಕ್ತ ತೆಗೆದರು. "ಸದ್ಯ, ದೊಡ್ಡದೇನೂ ಆಗಿಲ್ಲ. ಹೆದರ್ಕೊಂಡು ಒಂದೇ ಸಲ ನಿಲ್ಲಿಸ್ಬೇಡಿ, ಅದೂ ಅಪಾಯ. ನಾನು ಬರ್ಕೊಟ್ಟಂಗೆ ಇಳಿಸ್ತಾ ಬನ್ನಿ. ನೀರು ಮಾತ್ರ ತಡೀಬೇಡಿ. ವಾಂತಿಯಾದ್ರೆ, ಕಪ್ಪಗೆ ಭೇದಿಯಾದ್ರೆ ಆವಾಗ್ಲೇ ಬನ್ನಿ. ಇನ್ಮೇಲೆ ಮಾತ್ರೆ ಒಬ್ರೇ ಕೊಡ್ಬೇಕು. ಯಾರು ಕೊಡ್ತೀರಿ?"

ವಸಂತ್ ಹೆಂಡತಿಯತ್ತ ನೋಡಿದ. ನಯನಾ ಅತ್ತೆಯತ್ತ ನೋಡಿದಳು.

"ನಾನೇ ಕೊಡ್ತೀನಿ" ಎಂದಳು ಸೋಮಮ್ಮ. "ಆದ್ರೆ ನೀವ್ ನನ್ ಮಾತ್ ನಂಬ್ಬೇಕಾಗಿಲ್ಲ. ಉಪ್ಪು ನೋಡ್ದಂಗೆ ನೋಡ್ಕಳಿ."

ಯಾರಿಗೂ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಶಾಲೆಯ ಅಡುಗೆಮನೆಯಲ್ಲಿ ಮೂರು ಜನ ಹೆಂಗಸರು. ಒಂದು ಸಲ ಮೂವರೂ ಸಾರಿಗೆ ಉಪ್ಪು ಹಾಕಿ, ಮಕ್ಕಳೆಲ್ಲ ಬರೀ ಅನ್ನ ಉಂಡರು. ಅಂದಿನಿಂದ ಉಪ್ಪು ಹಾಕಿದವರು ಸೌಟನ್ನು ಮುಚ್ಚಳದ ಮೇಲೆ ಅಡ್ಡ ಇಡಬೇಕೆಂದು ಮಾಡಿಕೊಂಡರು. ಸೌಟು ಅಡ್ಡ ಇದ್ದರೆ ಕೇಳುವುದೂ ಬೇಡ, ಹೇಳುವುದೂ ಬೇಡ.

"ಯಾರ್ ಮೇಲೂ ಅಪನಂಬ್ಕೆ ಇರ್ಲಿಲ್ಲ ಕಣ್ರೀ. ಮೂರ್ ಕೈ ಇದ್ದೋ, ಅದಕ್ಕೆ" ಎಂದಳು ಡಾಕ್ಟರಿಗೆ. ವಸಂತ್ ತಲೆ ತಗ್ಗಿಸಿದ.

ಮನೆಗೆ ಬಂದು ಸೋಮಮ್ಮ, ಪ್ರೀತಿಗೆ ಚಿಕ್ಕದಾದ ಕಾಲ್ಗೆಜ್ಜೆಯಿಂದ ನಾಲ್ಕು ಗೆಜ್ಜೆ ಬಿಡಿಸಿ, ಒಂದು ಕೊಕ್ಕೆಗೆ ಭದ್ರವಾಗಿ ಪೋಣಿಸಿದಳು. ಮಾತ್ರೆ ಕೊಟ್ಟ ಮೇಲೆ ಅದು ಬೆಲ್ಲಿಯ ಕೊರಳಪಟ್ಟಿಗೆ. ಸಂಜೆ ಬಿಚ್ಚಿ ಮತ್ತೆ ಅಡುಗೆಮನೆಯ ಮೊಳೆಗೆ. ಗೆಜ್ಜೆ ಮೊಳೆಯಲ್ಲಿದ್ದರೆ ಮಾತ್ರೆ ಆಗಿಲ್ಲ. ಕೊರಳಲ್ಲಿದ್ದರೆ ಆಗಿದೆ.

ಮರುದಿನ ಬೆಳಗ್ಗೆ ಸೋಮಮ್ಮ ಒಲೆಯ ಮುಂದೆ ನಿಂತಿದ್ದಳು. ಹಿಟ್ಟು ಇನ್ನೂ ಕುದಿಯುತ್ತಿತ್ತು. ಕಿಟಕಿಯಾಚೆ ವಸಂತ್ ಆಟೊದ ಗಾಜು ಒರೆಸುತ್ತಿದ್ದ. ಒರೆಸಿದ ಗಾಜನ್ನೇ ಮತ್ತೆ ಒರೆಸಿದ. ಹೊರಡುವ ಹೊತ್ತು ಮೀರಿತ್ತು. ಒಳಗೆ ಬರಲೂ ಇಲ್ಲ, ಕೇಳಲೂ ಇಲ್ಲ. ಬಾಳೆಹಣ್ಣಿನ ಚಿಪ್ಪು ಇದ್ದ ಜಾಗದಲ್ಲೇ ಇತ್ತು. ಬಚ್ಚಲಲ್ಲಿ ನಯನಾ ನಲ್ಲಿ ನಿಲ್ಲಿಸಿಕೊಂಡು ಸದ್ದಿಲ್ಲದೆ ನಿಂತಿದ್ದುದೂ ತಿಳಿಯಿತು.

ಕಾಯಲಿ, ಎಂದುಕೊಂಡಳು ಸೋಮಮ್ಮ. ಹಸಿ ಹಿಟ್ಟು ಹೊಟ್ಟೆಗೆ ಆಗುವುದಿಲ್ಲ. ಆತುರಪಡದೆ ಕೋಲಿನಿಂದ ತಿರುವಿ ಮುದ್ದೆ ಕಟ್ಟಿದಳು. ಬೆಲ್ಲಿಗೆ ಕುಂಬಳಕಾಯಿ ಕಲಸಿ ಉಣ್ಣಿಸಿದಳು. ನೆಲ್ಲಿಕಾಯಿ ಗಾತ್ರದ್ದು ಕೊನೆಗೆ. ಗುಳುಕ್ ಎಂದ ಮೇಲೆ ಬಾಯಿ ಬಿಡಿಸಿ ನೋಡಿ, ಕೈ ತೊಳೆದು, ಮೊಳೆಯಿಂದ ಗೆಜ್ಜೆ ತೆಗೆದು ಪಟ್ಟಿಗೆ ಸಿಕ್ಕಿಸಿದಳು.

ಬೆಲ್ಲಿ ಮೈ ಕೊಡವಿತು. ಝಲ್ ಎಂದಿತು.

ಬಚ್ಚಲಲ್ಲಿ ನಲ್ಲಿ ಸುರಿಯತೊಡಗಿತು. ಹೊರಗೆ ಆಟೊ ಸ್ಟಾರ್ಟ್ ಆಯಿತು.