ಕ್ಯಾಲೆಂಡರಿನ ಸೊನ್ನೆಗಳು

ನಮ್ಮ ಮನೆಗಳಲ್ಲಿ ಮುಟ್ಟಿಗೆ ಮುಟ್ಟು ಎನ್ನುವುದಿಲ್ಲ, ‘ಹೊರಗೆ’ ಎನ್ನುತ್ತೇವೆ. ಹೊರಗಾಗಿದ್ದಾಳೆ ಎಂದರೆ ಅವಳು ಮೂರು ದಿನ ದೇವರ ಕೋಣೆಗೆ ಹೋಗುವಂತಿಲ್ಲ, ಒಲೆ ಮುಟ್ಟುವಂತಿಲ್ಲ ಎಂದು ಅರ್ಥ. ಆ ಮಾತಿನಲ್ಲಿ ಎಲ್ಲಿಯೂ ರಕ್ತವಿಲ್ಲ. ಅಕ್ಕನನ್ನು ಸಾವಿನ ಹತ್ತಿರಕ್ಕೆ ಕರೆದೊಯ್ದದ್ದು ಆ ಮಾತೇ ಎಂದು ನನಗೆ ಈಗ ಅನ್ನಿಸುತ್ತದೆ.

ಅಕ್ಕನ ಮನೆ ಆರ್‌ಪಿಸಿ ಲೇಔಟಿನಲ್ಲಿ. ನಾನಿರುವುದು ಅನ್ನಪೂರ್ಣೇಶ್ವರಿ ನಗರದಲ್ಲಿ. ಪ್ರತಿ ಭಾನುವಾರ ಹೋಗುತ್ತಿದ್ದೆ. ಅವರ ಅಡುಗೆಮನೆಯಲ್ಲಿ ಫ್ರಿಜ್ಜಿನ ಪಕ್ಕದ ಮೊಳೆಗೆ ಒಂದು ಕ್ಯಾಲೆಂಡರ್ ನೇತಾಡುತ್ತಿತ್ತು. ಅಕ್ಕ ಹೊರಗಾದ ದಿನಗಳಿಗೆಲ್ಲ ಅವಳ ಅತ್ತೆ ಪೆನ್ಸಿಲಿನಲ್ಲಿ ಸೊನ್ನೆ ಸುತ್ತುತ್ತಿದ್ದರು. ಸೊಸೆಯ ಆರೋಗ್ಯಕ್ಕಾಗಿ ಅಲ್ಲ. ಮುಂದೆ ಯಾವ ಶುಕ್ರವಾರದ ಪೂಜೆ, ಯಾವ ಹಬ್ಬ ಕೈತಪ್ಪುತ್ತದೆ ಎಂದು ಮೊದಲೇ ತಿಳಿಯಲು.

ಎರಡು ವರ್ಷದ ಹಿಂದೆ, ಬೇಸಿಗೆಯಲ್ಲಿ, ಸೊನ್ನೆಗಳು ಹೆಚ್ಚಾದವು. ತಿಂಗಳಿಗೆ ಒಂದು ಸಾಲು ಇರಬೇಕಾದಲ್ಲಿ ಎರಡು, ನಡುನಡುವೆ ಬಿಡಿ ಸೊನ್ನೆಗಳು.

“ನೋಡಮ್ಮ ನಿಮ್ಮಕ್ಕನ ಕಥೆ,” ಎಂದು ಅತ್ತೆ ನನಗೇ ತೋರಿಸಿದರು. “ಒಳಗಿರೋದಕ್ಕಿಂತ ಹೊರಗಿರೋದೇ ಜಾಸ್ತಿ. ದೀಪ ಹಚ್ಚೋಕೆ ಇನ್ಮೇಲೆ ಪಕ್ಕದ ಮನೆಯವರನ್ನ ಕರೀಬೇಕು.”

“ನಲವತ್ತಾಯ್ತಲ್ಲ ಅತ್ತೆ, ನಿಲ್ಲೋ ಟೈಮಲ್ಲಿ ಹಂಗೇ ಆಗತ್ತಂತೆ,” ಎಂದು ಅಕ್ಕ ನಕ್ಕಳು.

ನಾನೂ ನಕ್ಕೆ. ನಾನು ಮೈಕ್ರೋಬಯಾಲಜಿ ಓದಿದವಳು. ಅಕ್ಕನ ಕಾಯಿಲೆಗೆ ಕಾರಣವೆಂದು ಆಮೇಲೆ ತಿಳಿದ ಪ್ಯಾಪಿಲೋಮಾ ವೈರಸ್ ಮೇಲೆಯೇ ಪರೀಕ್ಷೆಯಲ್ಲಿ ಎರಡು ಪುಟ ಬರೆದು ಒಳ್ಳೆಯ ಅಂಕ ತೆಗೆದುಕೊಂಡವಳು. ‘ಅರ್ಧ ತಿಂಗಳು ರಕ್ತ ಹೋಗ್ತಿದೆ ಕಣೇ’ ಎಂದು ಅಕ್ಕ ಹೇಳಿದ್ದರೆ ಅಂದೇ ಆಸ್ಪತ್ರೆಗೆ ಎಳೆದುಕೊಂಡು ಹೋಗುತ್ತಿದ್ದೆ. ಅವಳು ಹಾಗೆ ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ವರಮಹಾಲಕ್ಷ್ಮಿ ಹಬ್ಬದ ವಾರ ಅತ್ತೆ ಫೋನ್ ಮಾಡಿದರು. “ಮುಂದಕ್ಕೆ ಹಾಕೋ ಮಾತ್ರೆ ತಂದ್ಕೊಡಮ್ಮ. ಇವಳು ಅವತ್ತೂ ಹೊರಗಾದ್ರೆ ಕಳಶ ಯಾರು ಕೂರಿಸ್ತಾರೆ?”

ಮಾತ್ರೆ ತಂದುಕೊಟ್ಟಿದ್ದು ನಾನು. ಅಂಗಡಿಯವನು ಡಾಕ್ಟರ ಚೀಟಿ ಕೇಳಲಿಲ್ಲ, ಪೇಪರಿನಲ್ಲಿ ಸುತ್ತಿಕೊಟ್ಟ.

ಹಬ್ಬದ ದಿನ ಕಳಶದ ಮುಂದೆ ಕೂತಿದ್ದ ಅಕ್ಕ ಎದ್ದಾಗ ರೇಷ್ಮೆ ಸೀರೆಯ ಹಿಂಭಾಗವೆಲ್ಲ ಒದ್ದೆಯಾಗಿತ್ತು. ಅವಳು ಕೂತಿದ್ದ ಮಣೆಯೂ. ಮಾತ್ರೆಗೆ ನಿಲ್ಲದ ರಕ್ತ ಎಂದರೆ ಅದು ಮುಟ್ಟಿನದ್ದಾಗಿರಲಿಕ್ಕಿಲ್ಲ ಎಂದು ಆಗಲೂ ಯಾರಿಗೂ ಹೊಳೆಯಲಿಲ್ಲ. ಕಂಡದ್ದು ಮೈಲಿಗೆ ಮಾತ್ರ. ಅತ್ತೆ ಗಂಜಲದ ಬಾಟಲಿ ಹುಡುಕಲು ಓಡಿದರು. ನಾನು ಅಕ್ಕನನ್ನು ಬಚ್ಚಲಿಗೆ ಕರೆದೊಯ್ದೆ. ಅಲ್ಲಿ ಅವಳು ಗೋಡೆ ಹಿಡಿದುಕೊಂಡೇ ಜಾರಿ ಕೂತಳು. ಕಣ್ಣು ಮೇಲಕ್ಕೆ ಹೋಯಿತು. ಆಟೋ ಬರುವವರೆಗಿನ ಆ ಹತ್ತು ನಿಮಿಷ ಈಗಲೂ ದಿನಕ್ಕೊಮ್ಮೆ ನನ್ನೊಳಗೆ ಮೊದಲಿನಿಂದ ಶುರುವಾಗುತ್ತದೆ.

“ಯಾವಾಗಿಂದ ಹೀಗೆ?” ಎಂದು ಡಾಕ್ಟರ್ ಕೇಳಿದರು. ಅಕ್ಕನಿಗೆ ಹೇಳುವ ಶಕ್ತಿಯಿರಲಿಲ್ಲ. ನನಗೆ ಕ್ಯಾಲೆಂಡರ್ ನೆನಪಾಯಿತು. ಭಾವನಿಗೆ ಹೇಳಿ ಪ್ರತಿ ಪುಟದ ಫೋಟೋ ತರಿಸಿಕೊಂಡೆ. ಡಾಕ್ಟರ್ ನನ್ನ ಮೊಬೈಲಿನಲ್ಲಿ ಒಂದೊಂದೇ ತಿಂಗಳನ್ನು ಸರಿಸಿ ನೋಡಿದರು.

“ಇಷ್ಟು ನೀಟಾಗಿ ಗುರುತು ಹಾಕಿದೀರ,” ಎಂದರು. “ಒಬ್ರೂ ಓದಲಿಲ್ವಾ?”

ಗರ್ಭಕೋಶದ ಬಾಯಿಯ ಕ್ಯಾನ್ಸರ್. ವಾರಗಟ್ಟಲೆ ರೇಡಿಯೇಷನ್. ಆಸ್ಪತ್ರೆಯ ಬೆಂಚಿನ ಮೇಲೆ ಕಾಯುವವರೆಲ್ಲ ಅದಕ್ಕೆ ‘ಕರೆಂಟ್ ಕೊಡೋದು’ ಎನ್ನುತ್ತಿದ್ದರು. ಆ ಬೆಂಚಿನ ಮೇಲೆಯೇ ಅತ್ತೆ ತಗ್ಗಿದ ದನಿಯಲ್ಲಿ ನನ್ನನ್ನು ಕೇಳಿದರು: “ಇದು ಗಂಡಸರ ಸಹವಾಸದಿಂದ ಬರೋ ಕಾಯಿಲೆಯಂತೆ. ನಿಮ್ಮಕ್ಕ ಮದುವೆಗೆ ಮುಂಚೆ ಹೆಂಗಿದ್ಳು?”

ನಾನು ಡಾಕ್ಟರ ಮುಂದೆ ಅದೇ ಪ್ರಶ್ನೆಯನ್ನು ಭಾವನ ಕಿವಿಗೂ ಬೀಳುವಂತೆ ಎತ್ತಿದೆ. ಡಾಕ್ಟರಿಗೆ ಇದು ಹೊಸದಲ್ಲವೆಂದು ಕಾಣುತ್ತದೆ. “ಸಂಸಾರ ಮಾಡೋ ಹೆಚ್ಚುಕಮ್ಮಿ ಎಲ್ಲರಿಗೂ ಒಂದಲ್ಲ ಒಂದು ಸಲ ತಗಲೋ ವೈರಸ್ ಇದು. ಗಂಡಸರಿಗೂ, ಹೆಂಗಸರಿಗೂ. ಬಹಳ ಜನಕ್ಕೆ ತಾನಾಗೇ ಹೋಗತ್ತೆ. ಕೆಲವರಲ್ಲಿ ಉಳ್ಕೊಂಡು ವರ್ಷಗಳಾದ್ಮೇಲೆ ಹೀಗಾಗತ್ತೆ. ಯಾರ ನಡತೆಯನ್ನೂ ಹುಡುಕಬೇಡಿ,” ಎಂದರು. ಆಮೇಲೆ ಭಾವನ ಕಡೆ ತಿರುಗಿ, “ಮಗಳಿದ್ದಾಳಾ?” ಎಂದು ಕೇಳಿದರು.

ಇದ್ದಾಳೆ, ಹದಿಮೂರು ವರ್ಷ.

“ಲಸಿಕೆ ಹಾಕಿಸಿ. ಒಂಬತ್ತರಿಂದ ಹದಿನಾಲ್ಕರೊಳಗೆ ಹಾಕಿಸೋದು ಒಳ್ಳೇದು. ವೈರಸ್ ಮೈಗೆ ಸೇರೋಕೆ ಮುಂಚೆ ಹಾಕಿದ್ರೇನೇ ಪೂರ್ತಿ ಉಪಯೋಗ. ಗಂಡುಮಕ್ಕಳಿಗೂ ಹಾಕಬಹುದು. ನಿಮ್ಮ ಹೆಂಡತಿಗೆ ಈಗ ಹಾಕಿದ್ರೆ ಈ ಕಾಯಿಲೆ ವಾಸಿಯಾಗಲ್ಲ.” ನನ್ನನ್ನು ನೋಡಿ, “ಮೂವತ್ತು ದಾಟಿದೀರಲ್ಲ, ನೀವು ಗರ್ಭಕೋಶದ ಬಾಯಿಯ ಟೆಸ್ಟ್ ಮಾಡಿಸ್ಕೊಳ್ಳಿ. ಲಸಿಕೆ ಹಾಕಿಸ್ಕೊಂಡೋರೂ ಮುಂದೆ ಮಾಡಿಸ್ತಾ ಇರಬೇಕು,” ಎಂದರು.

ಮನೆಗೆ ಬಂದ ಮೇಲೆ ಭಾವ ಒಪ್ಪಲಿಲ್ಲ. “ಇನ್ನೂ ಆಡೋ ಮಗು ಅದು. ಅದಕ್ಕೆ ಅಂಥ ಸೂಜಿ ಹಾಕಿಸಿದ್ರೆ ನೋಡಿದೋರು ಏನಂತಾರೆ? ಮದುವೆ ಗೊತ್ತಾಗಲಿ, ಆಮೇಲೆ ನೋಡೋಣ.”

“ಆಡೋ ವಯಸ್ಸಲ್ಲೇ ಹಾಕಿಸ್ಬೇಕು ಅಂತ ತಾನೆ ಭಾವ ಅವರು ಹೇಳಿದ್ದು?”

“ನೀನು ಓದಿದೋಳು, ನಿಂಗೆ ಸಂಕೋಚ ಇಲ್ಲ ಬಿಡು.”

ಎಂಟು ತಿಂಗಳು ಈ ಮಾತು ಹೀಗೆಯೇ ಎಳೆಯಿತು. ಹುಡುಗಿಗೆ ಹದಿನಾಲ್ಕು ತುಂಬಲು ಬಂತು. ಹದಿನೈದಾದರೆ ಒಂದು ಡೋಸ್ ಹೆಚ್ಚು ಬೇಕು ಎಂದು ನಾನು ಹೇಳಿದಾಗಲೆಲ್ಲ ಭಾವ ಟಿವಿಯ ಸದ್ದು ಜೋರು ಮಾಡುತ್ತಿದ್ದರು. ಕೊನೆಗೆ ಒಂದು ಭಾನುವಾರ, ಮಲಗಿದ್ದಲ್ಲಿಂದಲೇ, ಅಕ್ಕ ಹೇಳಿದಳು: “ಟೈಫಾಯ್ಡ್ ಸೂಜಿ ಅಂತ ಹೇಳ್ರಿ. ಯಾರಿಗೂ ಏನೂ ಗೊತ್ತಾಗಲ್ಲ. ಹಾಕಿಸ್ಕೊಂಡು ಬರಲಿ.”

ಭಾವ ತಕ್ಷಣ ಒಪ್ಪಿದರು.

ಕರೆದುಕೊಂಡು ಹೋದವಳು ನಾನು. ವಾಪಸ್ ಬರುವಾಗ ಹುಡುಗಿ ಲಸಿಕೆಯ ಕಾರ್ಡು ತಿರುಗಿಸಿ ನೋಡಿದಳು. “ಚಿಕ್ಕಮ್ಮ, ಇದರಲ್ಲಿ ಟೈಫಾಯ್ಡ್ ಅಂತ ಎಲ್ಲೂ ಇಲ್ವಲ್ಲ.”

ಜ್ಯೂಸ್ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಎಲ್ಲವನ್ನೂ ಹೇಳಿದೆ. ರಕ್ತವನ್ನು ರಕ್ತ ಎಂದೇ ಹೇಳಿದೆ. ಅವಳು ಸ್ಟ್ರಾ ಕಚ್ಚುತ್ತ ಕೇಳಿಸಿಕೊಂಡಳು. “ಅಮ್ಮಂಗೆ ನನ್ನ ವಯಸ್ಸಲ್ಲಿ ಹಾಕ್ಸಿದ್ರೆ?” ಎಂದಳು.

“ಆಗ ಇದು ಇರಲಿಲ್ಲ.”

“ಕ್ಯಾಲೆಂಡರ್ ಇತ್ತಲ್ಲ ಚಿಕ್ಕಮ್ಮ,” ಎಂದಳು. ನಾನು ಗಾಡಿ ಸ್ಟಾರ್ಟ್ ಮಾಡಿದೆ.

ಅಕ್ಕ ಬದುಕಿದ್ದಾಳೆ. ಮೂರು ತಿಂಗಳಿಗೊಮ್ಮೆ ತಪಾಸಣೆ, ಪ್ರತಿ ಸಲವೂ ರಿಪೋರ್ಟ್ ಬರುವವರೆಗೆ ನಮಗಾರಿಗೂ ಊಟ ಸೇರುವುದಿಲ್ಲ. ಕರೆಂಟ್ ಕೊಟ್ಟ ಮೇಲೆ ಅವಳ ಮುಟ್ಟು ನಿಂತುಹೋಯಿತು. “ಒಂದು ಒಳ್ಳೇದಾಯ್ತು, ಇನ್ನು ಯಾವ ಶುಕ್ರವಾರನೂ ತಪ್ಪಲ್ಲ,” ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಾರೆ. ಅಕ್ಕ ತಲೆಯಾಡಿಸಿ ದೀಪ ಹಚ್ಚಲು ಏಳುತ್ತಾಳೆ.

ಕ್ಯಾಲೆಂಡರ್ ಅದೇ ಮೊಳೆಯಲ್ಲಿದೆ. ಎರಡನೇ ಡೋಸಿನ ತಾರೀಖನ್ನು ಹುಡುಗಿ ತಾನೇ ಕೇಳಿ ಬರೆದುಕೊಂಡಿದ್ದಾಳೆ, ನೀಲಿ ಪೆನ್ನಿನಲ್ಲಿ, ದುಂಡಾದ ಅಕ್ಷರದಲ್ಲಿ: ‘ಟೈಫಾಯ್ಡ್ ೨’. ಅದರ ಆಸುಪಾಸಿನಲ್ಲಿ ಅತ್ತೆಯ ಪೆನ್ಸಿಲಿನ ಸೊನ್ನೆಗಳಿವೆ, ಈಗ ಆ ಹುಡುಗಿಯವು. ಭಾನುವಾರ ಹೋದ ಕೂಡಲೇ, ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ನಡೆದು, ನಾನು ಅವನ್ನು ಎಣಿಸುತ್ತೇನೆ.