ಒಲೀಟಾಳ ಹೆಸರಿನಲ್ಲಿ ಕೊಂಡ ಪಿಸ್ತೂಲು

ಹೋಬರ್ಟ್ ಸ್ಲೋನ್ ಎಂದರೆ ಕೇನ್ ಫೋರ್ಕ್ ಎಂಬ ಊರಿನಲ್ಲಿ ಯಾರಿಗೂ ಬೇರೆ ಗುರುತು ಹೇಳಬೇಕಾಗಿರಲಿಲ್ಲ. ಕೆಂಟಕಿಯ ಆ ಗುಡ್ಡಗಳ ಮೇಲೆ ಹಾದುಹೋಗುವ ವಿದ್ಯುತ್ ತಂತಿಗೆ ತಾಗುವ ಮರಗಳನ್ನು ಕಡಿಯುವುದು ಅವನ ಕೆಲಸವಾಗಿತ್ತು. ಸೊಂಟಕ್ಕೆ ಹಗ್ಗ ಬಿಗಿದು, ಕೈಯಲ್ಲಿ ಮೋಟಾರು ಗರಗಸ ಹಿಡಿದು ಮೂವತ್ತೊಂದು ವರ್ಷ ಮರ ಹತ್ತಿದ್ದ. ಹಿಮಗಾಳಿಗೆ ಊರೆಲ್ಲ ಕತ್ತಲಾದಾಗ ಜನ ಕಿಟಕಿಗೆ ಬಂದು ಅವನ ಹಳದಿ ಲಾರಿಗಾಗಿ ಕಾಯುತ್ತಿದ್ದ ಕಾಲವಿತ್ತು.

ಆ ಗರಗಸದ ನಡುಕ ಅವನ ಬೆರಳುಗಳೊಳಗೆ ಉಳಿದುಬಿಟ್ಟಿತು. ಅರವತ್ತೆಂಟು ತುಂಬುವ ಹೊತ್ತಿಗೆ, ಸ್ವಲ್ಪ ಚಳಿ ಬಿದ್ದರೂ ಬಲಗೈಯ ಮೂರು ಬೆರಳು ಮೇಣದ ಹಾಗೆ ಬಿಳಿಚಿಕೊಂಡು ಜೋಮು ಹಿಡಿಯುತ್ತಿದ್ದವು. ಬೆಳಗ್ಗೆ ಅಂಗಿಯ ಗುಂಡಿಯನ್ನು ಹೆಂಡತಿ ಒಲೀಟಾ ಹಾಕಬೇಕಿತ್ತು. ಅದು ಮನೆಯೊಳಗಿನ ಮಾತು. ಹೊರಗೆ ನಾಲ್ಕು ಜನ ಇದ್ದಾಗ ಬೆರಳು ಬಿಳಿಚಿದರೆ ಅವನು ಕೈಯನ್ನು ಜೇಬಿಗೆ ತುರುಕಿ, ಏನೂ ಆಗದವನಂತೆ ಹವಾಮಾನದ ಮಾತೆತ್ತುತ್ತಿದ್ದ.

ಅಕ್ಟೋಬರಿನ ಒಂದು ಮಂಗಳವಾರ, ಮಧ್ಯಾಹ್ನ ಮೂರು ಗಂಟೆ. ಔಷಧದಂಗಡಿಯಿಂದ ಒಲೀಟಾಳ ರಕ್ತದೊತ್ತಡದ ಮಾತ್ರೆ, ತನ್ನ ನೋವಿನ ಮಾತ್ರೆ ಎರಡನ್ನೂ ಕಾಗದದ ಚೀಲದಲ್ಲಿ ಹಿಡಿದು ಹೋಬರ್ಟ್ ತನ್ನ ಪಿಕಪ್ಪಿನ ಬಾಗಿಲು ತೆರೆಯುತ್ತಿದ್ದ. ಮೂವತ್ತರ ಆಸುಪಾಸಿನ, ಮುಂದಿನ ಎರಡು ಹಲ್ಲಿಲ್ಲದ, ಕಡ್ಡಿಯಂತಹ ಒಬ್ಬ ಮನುಷ್ಯ ಎದುರಿಗೆ ಬಂದು ನಿಂತ. ನೋವಿನ ಮಾತ್ರೆಯನ್ನು ನಶೆಗಾಗಿ ಹುಡುಕುವವರು ಆ ಊರಿನಲ್ಲಿ ಕಡಿಮೆಯಿರಲಿಲ್ಲ.

"ಚೀಲ ಕೊಡು."

ಅವನ ಕೈಯಲ್ಲಿ ಚಾಕು ಇರಲಿಲ್ಲ, ಕೋಲೂ ಇರಲಿಲ್ಲ. ಒಂದು ಕಾಲದಲ್ಲಿ ಹೋಬರ್ಟ್ ಅಂಥವನನ್ನು ಕೊರಳಪಟ್ಟಿ ಹಿಡಿದು ಬೇಲಿಯಾಚೆ ಎಸೆಯುತ್ತಿದ್ದ. ಆದರೆ ಆ ದಿನ ಅವನ ಬಾಯಿಂದ ಬಂದದ್ದು ಬೇರೆ.

"ತಗೊಳ್ಳಿ ಸ್ವಾಮಿ. ಹೊಡೀಬೇಡಿ ಸ್ವಾಮಿ."

ಎರಡೆರಡು ಸಲ ಸ್ವಾಮಿ. ಆ ಮನುಷ್ಯನಿಗೇ ಆಶ್ಚರ್ಯವಾದಂತಿತ್ತು. ಅವನು ಚೀಲ ತೆಗೆದುಕೊಂಡು ನಕ್ಕ. "ಹೋಗಜ್ಜ, ಗಾಡಿಯೊಳಗೆ ಕೂತ್ಕೋ. ಇಲ್ಲೇ ಬಿದ್ದುಗಿದ್ದೀಯ," ಎಂದು ಅವನೇ ಬಾಗಿಲು ಹಿಡಿದು ಹೋಬರ್ಟನನ್ನು ಒಳಗೆ ಕೂರಿಸಿ, ಅವಸರವಿಲ್ಲದೆ ರಸ್ತೆ ದಾಟಿ ಹೋದ.

ಪೊಲೀಸರ ಹತ್ತಿರ ಹೋದರೆ ನಡೆದದ್ದನ್ನೆಲ್ಲ ಹೇಳಬೇಕಲ್ಲ. ಹೋಬರ್ಟ್ ನೇರ ಮನೆಗೆ ಬಂದು, "ಮಾತ್ರೆ ಇನ್ನೂ ಬಂದಿಲ್ವಂತೆ," ಎಂದ. ಮೂರು ದಿನ ಒಲೀಟಾ ಮಾತ್ರೆಯಿಲ್ಲದೆ ಕಳೆದಳು. ಮೂರನೆಯ ದಿನ ತಲೆ ತಿರುಗಿ ಒಲೆಯ ಅಂಚು ಹಿಡಿದು ನಿಂತವಳನ್ನು ಕಂಡಾಗ ಅವನಿಗೆ ಊಟ ಇಳಿಯಲಿಲ್ಲ. ಮರುದಿನ ಬೆಳಗ್ಗೆಯೇ ಔಷಧದಂಗಡಿಗೆ ಓಡಿ, ಚೀಲ ಹಳ್ಳಕ್ಕೆ ಬಿತ್ತೆಂದು ಇನ್ನೊಂದು ಸುಳ್ಳು ಹೇಳಿ ಮಾತ್ರೆ ತಂದ. ಅಲ್ಲಿಂದ ಬರುವ ದಾರಿಯಲ್ಲೇ ಕಾಡಿಲ್ ಎಂಬುವರ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದ.

ಕಾಡಿಲ್ಲರ ಅಂಗಡಿಯಲ್ಲಿ ಒಂದು ಕಡೆ ಮೀನಿನ ಗಾಳ, ಎರೆಹುಳ. ಇನ್ನೊಂದು ಕಡೆ ಗಾಜಿನ ಪೆಟ್ಟಿಗೆಯೊಳಗೆ ಪಿಸ್ತೂಲು. ಈಗ ಅಂಗಡಿಯನ್ನು ನೋಡಿಕೊಳ್ಳುತ್ತಿದ್ದವಳು ಕಾಡಿಲ್ಲರ ಮಗಳು ಟ್ರೀನಾ. ಐವತ್ತರ ಹೆಂಗಸು, ಸಣ್ಣವಳಿದ್ದಾಗ ಭಾನುವಾರದ ಬೈಬಲ್ ಪಾಠಕ್ಕೆ ಒಲೀಟಾಳ ಮುಂದೆ ಕೂತವಳು.

"ಏನು ಹೋಬರ್ಟಣ್ಣ, ಜಿಂಕೆ ಸೀಸನ್ನಿಗೆ ಈಗಲೇ ತಯಾರಿಯಾ?"

"ಅಲ್ಲ ಕಣವ್ವ. ಜೇಬಲ್ಲಿ ಇಟ್ಕೊಳ್ಳೋ ಅಂಥದ್ದು ಒಂದು ಬೇಕಿತ್ತು. ಸಣ್ಣದು. ಹೊರಗೆ ಕಾಣಬಾರದು."

ಟ್ರೀನಾ ಹಸಿರು ಬಟ್ಟೆ ಹಾಸಿ ಅದರ ಮೇಲೆ ಒಂದು ಚಿಕ್ಕ ಕಪ್ಪು ಪಿಸ್ತೂಲು ಇಟ್ಟಳು. ಅಂಗೈಯಲ್ಲಿ ಅಡಗುವಷ್ಟು. ತೂಕವೂ ಇಲ್ಲ. ಹೋಬರ್ಟನಿಗೆ ನೋಡಿದೊಡನೆ ಮನಸ್ಸಾಯಿತು. ಆದರೆ ಮೊದಲ ಗುಂಡು ಕೊಳವೆಗೆ ಏರಬೇಕಾದರೆ ಮೇಲಿನ ಲೋಹದ ಭಾಗವನ್ನು ಹಿಂದಕ್ಕೆ ಎಳೆಯಬೇಕು. ಅವನು ಎಳೆದ. ಅದು ಅಲುಗಲಿಲ್ಲ. ಮತ್ತೆ ಎಳೆದ. ಬೆರಳು ಜಾರಿತು. ಗಾಳದ ಕಡೆ ನಿಂತಿದ್ದ ಇಬ್ಬರು ತಿರುಗಿ ನೋಡಿದರು.

"ಸಣ್ಣದಾದಷ್ಟೂ ಸ್ಪ್ರಿಂಗು ಬಿಗಿ ಅಣ್ಣ," ಎಂದಳು ಟ್ರೀನಾ. "ಎಲ್ರೂ ಸಣ್ಣದು ಸುಲಭ ಅಂದ್ಕೊಂಡು ಬರ್ತಾರೆ. ಇದನ್ನ ನೋಡು, ಇದಕ್ಕೆ ಎಳೆಯೋದೇ ಬೇಡ." ಮೊಂಡು ಮೂತಿಯ, ಐದು ಗುಂಡಿನ ರಿವಾಲ್ವರೊಂದನ್ನು ಖಾಲಿ ಎಂದು ತೆರೆದು ತೋರಿಸಿ ಅವನ ಕೈಗಿತ್ತಳು. ಆದರೆ ಗುಂಡು ಹಾರಿಸಲು ಬೆರಳಿನಿಂದ ಒತ್ತಬೇಕಾದ ಅದರ ಕುದುರೆ ಅಷ್ಟೇ ಗಡಸು. ಹೋಬರ್ಟನ ತೋರುಬೆರಳು ಅರ್ಧ ದಾರಿಗೆ ಹೋಗಿ ನಡುಗುತ್ತಾ ನಿಂತಿತು. ಆ ಇಬ್ಬರು ಈಗ ಗಾಳವನ್ನು ಬಿಟ್ಟು ಇತ್ತಲೇ ನೋಡುತ್ತಿದ್ದರು. ಅವರಲ್ಲಿ ಒಬ್ಬ ಹಿಂದೆ ಅವನ ತಂಡದಲ್ಲೇ ಹಗ್ಗ ಹಿಡಿಯುತ್ತಿದ್ದವನು.

ಆಗ ಹೋಬರ್ಟ್ ಹೇಳಿದ: "ನಂಗಲ್ಲ ಇದು. ಒಲೀಟಾಗೆ. ಅವಳ ಕೈಗೆ ಬಲ ಸಾಲದು, ಅದಕ್ಕೇ ಅವಳ ಹಾಗೇ ಎಳೆದು ನೋಡ್ತಿದ್ದೆ."

"ಒಲೀಟಕ್ಕಂಗಾ? ಹೋದ ತಿಂಗಳು ಚರ್ಚಿನ ಊಟಕ್ಕೆ ಉಪ್ಪಿನಕಾಯಿ ಜಾಡಿ ಮುಚ್ಚಳ ಎಲ್ಲ ಅವಳೇ ತಿರುಗಿಸಿ ಕೊಟ್ಲಲ್ಲಾ!" ಎಂದು ಟ್ರೀನಾ ನಕ್ಕಳು. ನಕ್ಕವಳು ನಿಧಾನಕ್ಕೆ ಗಂಭೀರಳಾದಳು. "ಅಕ್ಕ ಯಾರಿಗೆ ಹೆದರ್ತಿದ್ದಾಳಣ್ಣ?"

"ಯಾರಿಗೂ ಅಂತಲ್ಲ... ಸುಮ್ನೆ."

"ಕರ್ಕೊಂಡು ಬಾ ಅವಳನ್ನ. ಇಟ್ಕೊಳ್ಳೋರು ಕೈಯಲ್ಲಿ ಹಿಡಿದು ನೋಡ್ಬೇಕು."

"ಬರಲ್ಲ ಅವಳು. ನಾನೇ ಉಡುಗೊರೆ ಅಂತ ಕೊಡೋದು."

ಕೊನೆಗೆ ಟ್ರೀನಾ ಒಳಗಿನಿಂದ ಮತ್ತೊಂದನ್ನು ತಂದಳು. ಪಕ್ಕದ ಸಣ್ಣ ಸನ್ನೆಕೀಲು ಒತ್ತಿದರೆ ಕೊಳವೆಯೇ ಬಾಗಿಲಿನ ಹಾಗೆ ಮೇಲಕ್ಕೆ ತೆರೆದುಕೊಳ್ಳುತ್ತಿತ್ತು. ಗುಂಡನ್ನು ಕೈಯಿಂದಲೇ ಇಟ್ಟು ಮುಚ್ಚಿದರಾಯಿತು, ಎಳೆಯುವ ಕೆಲಸವಿಲ್ಲ. ಹಿಡಿಕೆ ಮಾತ್ರ ಗುಲಾಬಿ ಬಣ್ಣದ್ದು. ಹೋಬರ್ಟ್ ಅರ್ಜಿ ತುಂಬಿ, ತಲೆಯೆತ್ತದೆ ಅದನ್ನೇ ತೆಗೆದುಕೊಂಡು ಹೊರಟ.

ಆಮೇಲಿನ ಎರಡು ವಾರ ಆ ಪಿಸ್ತೂಲು ಅವನ ಬಲಜೇಬಿನಲ್ಲಿತ್ತು. ಕನ್ನಡಿಯ ಮುಂದೆ ನಿಂತು ಉಬ್ಬು ಕಾಣುತ್ತದೆಯೇ ಎಂದು ನೋಡಿಕೊಳ್ಳುತ್ತಿದ್ದ. ಕಾಣುತ್ತಿರಲಿಲ್ಲ, ಹಣದ ಚೀಲವೇನೋ ಅನ್ನಬೇಕು. ಅದಿದ್ದರೆ ಧೈರ್ಯ ಬರುತ್ತದೆ ಎಂದುಕೊಂಡಿದ್ದ. ಬಂದದ್ದು ಧೈರ್ಯವಲ್ಲ. ಗುಲಾಬಿ ಹಿಡಿಕೆ ಬೆರಳಿಗೆ ತಾಗಿದಾಗಲೆಲ್ಲ ತನ್ನದೇ ದನಿ ಕೇಳುತ್ತಿತ್ತು, ಸ್ವಾಮಿ, ಸ್ವಾಮಿ ಎಂದು.

ಮೂರನೆಯ ಭಾನುವಾರ ಅವನು ಸೊಂಟನೋವೆಂದು ಚರ್ಚಿಗೆ ಹೋಗಲಿಲ್ಲ. ಮಧ್ಯಾಹ್ನ ಒಲೀಟಾ ಮರಳಿ ಬಂದಳು. ಅವಳ ಹಿಂದೆಯೇ ಅವಳಣ್ಣ ಎಸ್ಟಿಲನ ಗಾಡಿ ಬಂದು ನಿಂತಿತು. ಎಸ್ಟಿಲ್ ಎಪ್ಪತ್ತೆರಡರ ಮನುಷ್ಯ, ಹೋಬರ್ಟನ ಜೊತೆ ನಲವತ್ತು ವರ್ಷ ಬೇಟೆಯಾಡಿದವನು. ಬಂದವನು ಟೋಪಿ ತೆಗೆಯಲಿಲ್ಲ, ಕುರ್ಚಿಯಲ್ಲಿ ಕೂರಲಿಲ್ಲ.

"ನನ್ನ ತಂಗಿ ಮೇಲೆ ಕೈ ಮಾಡ್ತಿದ್ದೀಯೇನೋ?"

ಹೋಬರ್ಟನಿಗೆ ಮೊದಲು ಅರ್ಥವೇ ಆಗಲಿಲ್ಲ.

"ಇಡೀ ಊರು ಮಾತಾಡ್ತಿದೆ. ಒಲೀಟಾ ಪಿಸ್ತೂಲು ಇಟ್ಕೊಂಡಿದ್ದಾಳಂತೆ, ಯಾರಿಗೆ ಹೆದರ್ತಾಳೆ ಅಂತ ಕೇಳಿದ್ರೆ ಅವಳ ಗಂಡ ಮುಖ ಕೊಟ್ಟು ಮಾತಾಡ್ಲಿಲ್ವಂತೆ. ಮನೇಲಿ ಇನ್ಯಾರಿದ್ದಾರೋ ನೀವಿಬ್ಬರನ್ನ ಬಿಟ್ಟು? ಹೇಳು. ನಂಗೆ ವಯಸ್ಸಾಗಿರಬಹುದು, ಇನ್ನೂ ಸತ್ತಿಲ್ಲ."

"ನಾನು ಹೇಳಿದೆ ಚರ್ಚಲ್ಲಿ ಕೇಳಿದೋರಿಗೆಲ್ಲ," ಎಂದಳು ಒಲೀಟಾ. ಅವಳು ಅಡುಗೆಮನೆಯ ಬಾಗಿಲಲ್ಲಿ ಕೋಟನ್ನೂ ತೆಗೆಯದೆ ನಿಂತಿದ್ದಳು. "ಹೌದು, ನಾನೇ ತರಿಸಿದ್ದು, ಕೋಳಿಗೂಡಿಗೆ ರಕೂನ್ ಕಾಟ ಅಂತ ಹೇಳಿದೆ. ಯಾವ ಪಿಸ್ತೂಲು, ಎಲ್ಲಿಂದ ಬಂತು, ನಂಗೇನೂ ಗೊತ್ತಿಲ್ಲ. ಆದ್ರೂ ಹಂಗೇ ಹೇಳಿದೆ. ನೀನು ನನ್ನ ಹೆಸರು ಹೇಳಿದೀಯ ಅಂದ್ಮೇಲೆ ನಿನ್ನನ್ನ ಸುಳ್ಳುಗಾರ ಅಂತ ಅನ್ನಿಸ್ಲಾ?" ಅವಳು ತನ್ನ ಕೋಟಿನ ತೋಳು ಹಿಡಿದುಕೊಂಡಳು. "ಪಾದ್ರಿ ಹೆಂಡ್ತಿ ನನ್ನ ಕೈ ಹಿಡ್ಕೊಂಡು ಅಂಗಿ ತೋಳು ಮೇಲಕ್ಕೆ ಸರಿಸಿದ್ಲು ಹೋಬರ್ಟ್. ಗಾಯ ಹುಡುಕೋಕೆ. ಪ್ರೀತಿಯಿಂದಾನೇ ಹುಡುಕಿದ್ಲು. ನಂಗೆ ಅಲ್ಲೇ ನೆಲ ಬಾಯಿ ಬಿಡಬಾರದಾ ಅನ್ನಿಸ್ತು."

ಹೋಬರ್ಟ್ ಜೇಬಿನಿಂದ ಪಿಸ್ತೂಲು ತೆಗೆದು, ಗುಂಡು ಹೊರಗೆ ಹಾಕಲು ಹೋದ. ಸನ್ನೆಕೀಲು ಒತ್ತಲು ಬೆರಳು ಬರಲಿಲ್ಲ. ಅವನ ಒದ್ದಾಟ ನೋಡಲಾರದೆ ಎಸ್ಟಿಲ್ ಅದನ್ನು ಕಿತ್ತುಕೊಂಡು ಖಾಲಿ ಮಾಡಿ ಮೇಜಿನ ಮೇಲಿಟ್ಟ. ಆಮೇಲೆ ಹೋಬರ್ಟ್ ಹೇಳಿದ. ಔಷಧದಂಗಡಿ, ಹಲ್ಲಿಲ್ಲದ ಮನುಷ್ಯ, ಕಾಗದದ ಚೀಲ. ಮಾತ್ರೆ ಬಂದಿಲ್ಲ ಎಂದದ್ದು. ತಾನು ಏನೆಂದು ಬೇಡಿಕೊಂಡೆ ಎಂಬಲ್ಲಿಗೆ ಬಂದಾಗ ಮುಖವನ್ನು ಕಿಟಕಿಯ ಕಡೆ ತಿರುಗಿಸಿದ. ಆದರೂ ಆ ಮಾತನ್ನು ಹೇಗೆ ಆಡಿದ್ದನೋ ಹಾಗೆಯೇ, ಎರಡು ಸಲವೂ, ಆಡಿ ತೋರಿಸಿದ.

ಎಸ್ಟಿಲನಿಗೆ ನಗು ಬಂತು. ಒಂದು ಗುಟುಕಿನಷ್ಟು ನಗು, ತಡೆಯಲಾಗದೆ ಹೊರಬಿದ್ದದ್ದು. ತಕ್ಷಣ ಟೋಪಿ ತೆಗೆದು ಕುರ್ಚಿಯಲ್ಲಿ ಕುಸಿದ. "ಥೂ, ತಪ್ಪಾಯ್ತು ಮಾರಾಯ," ಎಂದ. ಯಾವುದಕ್ಕೆ ತಪ್ಪಾಯ್ತು ಎಂದನೋ, ಹೊಡೆಯಲು ಬಂದದ್ದಕ್ಕೋ ನಕ್ಕಿದ್ದಕ್ಕೋ.

ಒಲೀಟಾ ನಗಲಿಲ್ಲ. "ಆ ಮೂರು ದಿನ ನಾನು ಸತ್ತಿದ್ರೆ?" ಎಂದಳು.

ಹೋಬರ್ಟ್ ಮೇಜಿನ ಮೇಲಿದ್ದ ಪಿಸ್ತೂಲನ್ನು ತನ್ನಿಂದ ದೂರ ತಳ್ಳಿದ.

"ಶನಿವಾರ ಹೋಗು ಟ್ರೀನಾ ಹತ್ರ," ಎಂದಳು ಅವಳು ಕೋಟಿನ ಗುಂಡಿ ಬಿಚ್ಚುತ್ತಾ. "ಜನ ಇರೋವಾಗ ಹೋಗು. ಹೆದರಿದ್ದು ಯಾರು ಅಂತ ಅವರ ಮುಂದೆ ಹೇಳು. ಖಾಲಿ ಅಂಗಡೀಲಿ ಪಿಸುಗುಟ್ಟಿ ಬಂದ್ರೆ ಮನೆಗೆ ಬರಬೇಡ."

ಶನಿವಾರ ಜಿಂಕೆಬೇಟೆಗೆ ಹೊರಟವರಿಂದ ಅಂಗಡಿ ತುಂಬಿಹೋಗಿತ್ತು. ಹೋಬರ್ಟ್ ಬಾಗಿಲಲ್ಲಿ ಎರಡು ಸಲ ಹಿಂದಕ್ಕೆ ಸರಿದು, ಮೂರನೆಯ ಸಲ ಒಳಗೆ ಹೋದ. ಗಾಜಿನ ಪೆಟ್ಟಿಗೆಯ ಮೇಲೆ ಪಿಸ್ತೂಲಿಟ್ಟು, ಮರದ ತುದಿಯಿಂದ ಕೆಳಗಿನವರನ್ನು ಕೂಗುತ್ತಿದ್ದ ಹಳೆಯ ಗಂಟಲಿನಲ್ಲಿ ಹೇಳಿದ:

"ಟ್ರೀನಾ, ಇದು ಒಲೀಟಾಗಲ್ಲ. ನಂಗೆ. ನನ್ನ ಕೈಲಿ ಆ ಸ್ಪ್ರಿಂಗು ಎಳೆಯೋಕಾಗ್ಲಿಲ್ಲ, ನಾಚಿಕೆಯಾಗಿ ಅವಳ ಹೆಸರು ಹೇಳಿದೆ. ಅವಳು ಯಾರಿಗೂ ಹೆದರಲ್ಲ. ಹೆದರಿದ್ದು ನಾನು."

ಯಾರೋ ಕೆಮ್ಮಿದರು. ಹಗ್ಗ ಹಿಡಿಯುತ್ತಿದ್ದ ಹಳೆಯ ಜೊತೆಗಾರ ಅವನತ್ತ ನೋಡದೆ ಗುಂಡಿನ ಡಬ್ಬಿಯ ಮೇಲಿನ ಅಕ್ಷರಗಳನ್ನು ಓದತೊಡಗಿದ. ಬೈದಿದ್ದರೆ, ನಕ್ಕಿದ್ದರೆ ಹೋಬರ್ಟ್ ತಡೆದುಕೊಳ್ಳುತ್ತಿದ್ದ. ಯಾರೂ ನೋಡದಿದ್ದದ್ದು ಅವನ ಮುಖವನ್ನು ಸುಟ್ಟಿತು.

ಟ್ರೀನಾ ಪಕ್ಕದಲ್ಲಿದ್ದ ಕೆಲಸದ ಹುಡುಗಿಗೆ ಅಂಗಡಿ ಒಪ್ಪಿಸಿ, ಅವನನ್ನು ಹಿತ್ತಲಿನ ಗುಂಡು ಹೊಡೆಯುವ ಜಾಗಕ್ಕೆ ಕರೆದೊಯ್ದಳು. "ನಿಂಗೇ ಅಂದ್ಮೇಲೆ ನಿನ್ನ ಕೈ ನೋಡ್ಬೇಕಲ್ಲ ಅಣ್ಣ. ಮೊದಲೇ ಹೇಳಿದ್ದಿದ್ರೆ ಅವತ್ತೇ ನೋಡ್ತಿದ್ದೆ." ಏಳು ಗಜ ದೂರದಲ್ಲಿ ಕಾಗದ ತೂಗುಹಾಕಿ, ಆ ಗುಲಾಬಿ ಹಿಡಿಕೆಯದನ್ನೇ ಕೊಟ್ಟಳು. ಹೊರಗೆ ಚಳಿಯಿತ್ತು. ಹೋಬರ್ಟ್ ನಾಲ್ಕು ಗುಂಡು ಹಾರಿಸಿದ. ಮೂರು ಎಲ್ಲಿ ಹೋದವೋ ತಿಳಿಯಲಿಲ್ಲ. ನಾಲ್ಕನೆಯದು ಅವನು ಹಾರಿಸಬೇಕೆಂದುಕೊಳ್ಳುವ ಮುಂಚೆಯೇ ಹಾರಿ, ಅವನ ಬೂಟಿನಿಂದ ಒಂದು ಗೇಣು ಆಚೆ ಮಣ್ಣೆಬ್ಬಿಸಿತು. ಬೆರಳು ಕುದುರೆಯ ಮೇಲಿರುವುದೇ ಅವನಿಗೆ ಗೊತ್ತಾಗಿರಲಿಲ್ಲ.

ಟ್ರೀನಾ ಅವನ ಕೈಯಿಂದ ಪಿಸ್ತೂಲನ್ನು ಮೆಲ್ಲಗೆ ಬಿಡಿಸಿಕೊಂಡಳು. ಅವನ ಬಿಳಿಚಿದ ಬೆರಳುಗಳನ್ನು ತನ್ನ ಎರಡು ಅಂಗೈಗಳ ನಡುವೆ ಇಟ್ಟುಕೊಂಡು ಉಜ್ಜಿದಳು.

"ಈ ಕೈಗೆ ನಾನು ಯಾವ ಪಿಸ್ತೂಲನ್ನೂ ಮಾರಲ್ಲ ಹೋಬರ್ಟಣ್ಣ. ಬೈಕೋಬೇಡ."

"ಇಲ್ಲ ಕಣವ್ವ," ಎಂದ ಅವನು. "ನೀನಾದ್ರೂ ಮುಖ ನೋಡಿ ಹೇಳಿದೆಯಲ್ಲ."

ಅವಳು ಪಿಸ್ತೂಲನ್ನು ವಾಪಸು ತೆಗೆದುಕೊಂಡಳು. ಮನೆಗೆ ಬಂದಾಗ ಒಲೀಟಾ ಬೇಯಿಸಿದ ಬೀನ್ಸ್ ಕಾಳನ್ನೂ ಮೆಕ್ಕೆಜೋಳದ ರೊಟ್ಟಿಯನ್ನೂ ಬಡಿಸಿ, "ಹೇಳಿದ್ಯಾ?" ಎಂದಷ್ಟೇ ಕೇಳಿದಳು. ಅವನು ತಲೆಯಾಡಿಸಿದ. ಇಬ್ಬರೂ ಉಂಡರು. ಬಹಳ ದಿನ ಅವಳು ಅವನ ಅಂಗಿಗೆ ಗುಂಡಿ ಹಾಕುವಾಗ ಮುಖ ನೋಡುತ್ತಿರಲಿಲ್ಲ. ಕ್ರಿಸ್‌ಮಸ್ ಹತ್ತಿರ ಬಂದಾಗ ಒಂದು ದಿನ ನೋಡಿದಳು.

ಈಗಲೂ ಅವನು ಔಷಧದಂಗಡಿಗೆ ಹೋಗುವಾಗ ಬಾಗಿಲಿಗೆ ಆದಷ್ಟು ಹತ್ತಿರ ಗಾಡಿ ನಿಲ್ಲಿಸುತ್ತಾನೆ, ನಾಲ್ಕೂ ಕಡೆ ನೋಡಿ ಇಳಿಯುತ್ತಾನೆ, ಹೆದರುತ್ತಾನೆ. ಹೆದರುತ್ತೇನೆಂದು ಒಲೀಟಾಳಿಗೆ ಹೇಳುತ್ತಾನೆ. ಅವಳಿಗೆ ಬಿಡುವಿದ್ದರೆ ಜೊತೆಗೆ ಬರುತ್ತಾಳೆ. ಅದು ಹೇಗೋ ನಡೆದುಹೋಗುತ್ತಿದೆ. ಅವನಿಂದ ಸರಿಪಡಿಸಲಾಗದ್ದು ಇನ್ನೊಂದು. ಅಂಗಡಿಯಲ್ಲಿ ಅವನಾಡಿದ ಮಾತು ಊರಿನ ಅರ್ಧಕ್ಕಷ್ಟೇ ತಲುಪಿತು. ಬೇಸಿಗೆ ಬಂದು ಒಲೀಟಾ ಗಿಡ್ಡ ತೋಳಿನ ಅಂಗಿ ತೊಟ್ಟು ಚರ್ಚಿಗೆ ಹೋದಾಗ, ಎರಡು ಸಾಲು ಮುಂದಿನ ಯಾವಳೋ ಹೆಂಗಸು ಹಾಡಿನ ನಡುವೆ ತಿರುಗಿ ಅವಳ ತೋಳುಗಳತ್ತ ಒಂದು ಗಳಿಗೆ ಕಣ್ಣು ಹಾಯಿಸಿದಳು, ಆಮೇಲೆ ಪಕ್ಕದಲ್ಲಿದ್ದ ಅವನತ್ತ. ಹೋಬರ್ಟ್ ಹಾಡಿನ ಪುಸ್ತಕವನ್ನು ಮುಖಕ್ಕೆ ಹತ್ತಿರ ಹಿಡಿದ. ಒಲೀಟಾ ಹಾಡುವುದನ್ನು ನಿಲ್ಲಿಸಲಿಲ್ಲ.