ಗೇಜಿನ ಬುಡದ ಹನಿ

ಕಳಸದ ಶೇಷಪ್ಪನವರ ಗ್ಯಾರೇಜಿಗೆ ಬರುವುದೆಲ್ಲ ಹಳೆಯ ಕಾರುಗಳೇ. ಪೆಟ್ರೋಲಿನ ಒತ್ತಡ ತೋರಿಸುವ ಗೇಜಿನ ಬುಡ ಸೋರುತ್ತಿದೆ ಎಂದು ಯಾರಾದರೂ ಬಂದರೆ, ನೋಡುವ ಮೊದಲೇ ಅವರಿಗೆ ಕಾರಣ ಗೊತ್ತಿರುತ್ತದೆ. ಕಾಫಿ ತೋಟದಲ್ಲಿ ಹೂ ಬಿಡಿಸಲು ನೀರು ಹಾರಿಸುವ ಸ್ಪ್ರಿಂಕ್ಲರ್ ಪೈಪಿಗೆ ಸುತ್ತುವ ಬಿಳಿ ಟೇಪನ್ನೇ ಎಸ್ಟೇಟಿನವರು ಗೇಜಿಗೂ ಸುತ್ತಿರುತ್ತಾರೆ. “ಇದ್ರಲ್ಲಿ ಹೋಗೋದು ನೀರಲ್ಲ ಮಾರಾಯ್ರೆ, ಕಾರಿಗೆ ಹೂ ಬಿಡಿಸ್ತೀರಾ?” ಎಂದು ಗದರುತ್ತಾರೆ. ಎಂಜಿನ್ ತಣಿಯುವವರೆಗೆ ಮುಟ್ಟುವುದಿಲ್ಲ. ಆಮೇಲೆ ಕಾಲಿನ ಮುಳ್ಳು ತೆಗೆಯುವಂತೆ ಟೇಪಿನ ಚೂರುಗಳನ್ನು ಒಂದೊಂದಾಗಿ ಕಿತ್ತು, ಪೆಟ್ರೋಲಿಗೆ ಕರಗದ ಅಂಟು ಸವರಿ, ಗೇಜನ್ನು ತಿರುಗಿಸಿ ಕೂರಿಸುತ್ತಾರೆ. ಎಂಜಿನ್ ಶುರುಮಾಡಿ ಬುಡಕ್ಕೆ ಪೇಪರ್ ಒತ್ತಿ ನೋಡುತ್ತಾರೆ. ಪೇಪರ್ ಒದ್ದೆಯಾಗದಿದ್ದರೂ ಕಾರು ಬಿಡುವುದಿಲ್ಲ, “ತಂಗಮ್ಮಾ, ಕಾಫಿ!” ಎಂದು ಹಿಂದಿನ ಮನೆಯತ್ತ ಕೂಗುತ್ತಾರೆ. ಹೆಂಡತಿ ಬಂದು ಎಂಜಿನ್ ಪಕ್ಕ ಒಂದು ಗಳಿಗೆ ನಿಂತು, ಕಾರಿನವರಿಗೆ ಲೋಟ ಕೊಡುತ್ತಾರೆ. “ಕುಡೀರಿ” ಎಂದರೆ ಕಾರು ಹೊರಡಬಹುದು. “ತಡೀರಿ, ಸಕ್ಕರೆ ಹಾಕಿಲ್ಲ” ಎಂದರೆ ಶೇಷಪ್ಪ ಮತ್ತೆ ಸ್ಪ್ಯಾನರ್ ಹಿಡಿಯುತ್ತಾರೆ. ಎರಡು ವರ್ಷದ ಹಿಂದೆ ಬಂದ ಜ್ವರದಲ್ಲಿ ಶೇಷಪ್ಪನವರ ಮೂಗಿಗೆ ವಾಸನೆ ತಿಳಿಯುವುದೇ ನಿಂತುಹೋಗಿದೆ. ಅದು ಊರಿಗೆ ತಿಳಿದರೆ ಪೆಟ್ರೋಲ್ ಕಾರನ್ನು ಅವರ ಕೈಗೆ ಕೊಡುವವರು ಯಾರು? ಮೊನ್ನೆ ತಂಗಮ್ಮ “ತಡೀರಿ, ಸಕ್ಕರೆ ಹಾಕಿಲ್ಲ” ಎಂದರೆ, ಕಾರು ತಂದು ಅವಸರದಲ್ಲಿದ್ದ ಹರ್ಷವರ್ಧನ ಗೌಡರು, “ನಂಗೆ ಶುಗರ್ ಇದೆ ಕಣಮ್ಮ, ಸಕ್ಕರೆ ಬೇಡ” ಎಂದು ಒಂದೇ ಗುಟುಕಿಗೆ ಕುಡಿದು ಕಾರು ಹತ್ತಿ ಕೂತರು. ಶೇಷಪ್ಪ ಆಗಲೇ ಸ್ಪ್ಯಾನರ್ ಎತ್ತಿಕೊಂಡಿದ್ದರು. ತಂಗಮ್ಮ ಕಿಟಕಿಯಿಂದ ಕೈಹಾಕಿ ಎಂಜಿನ್ ಆರಿಸಿ, ಕೀಲಿ ತೆಗೆದುಕೊಂಡರು. “ಇಳೀರಿ ಗೌಡ್ರೆ. ನಮ್ಮನೇವ್ರಿಗೆ ಪೆಟ್ರೋಲ್ ವಾಸನೆ ಬರ್ತಿದೆಯಂತೆ.”